ಸ್ಪಷ್ಟನೆ: ಎಲ್ಲಾ ಮಾರುತಿ 800ಕ್ಕೂ ಒಂದೇ ಗೇರ್‌ಬಾಕ್ಸ್ ಅಲ್ಲ

"ಮಾರುತಿ 800ರ ಗೇರ್‌ಬಾಕ್ಸ್ ಹೋಯ್ತಾ? ಗುಜರಿಯಲ್ಲಿ ಯಾವ 800ದ್ದಾದರೂ, ಆಲ್ಟೊದ್ದಾದರೂ ತಂದು ಹಾಕಿ, ಕೂರುತ್ತೆ" ಅಂತ ಮೈಸೂರಿನ ವಾಟ್ಸಾಪ್ ಗುಂಪುಗಳಲ್ಲಿ ಮೆಸೇಜ್ ಓಡಾಡುತ್ತಿದೆ. ಸುಮ್ನೆ ನಂಬಿ ದುಡ್ಡು ಕೊಡಬೇಡಿ.

ಹಳೇ ಕಾರ್ಬುರೇಟರ್ ಗಾಡಿಗೆ 4 ಗೇರ್. 2000ದ ಹೊತ್ತಿಗೆ 5 ಗೇರಿನದೂ ಬಂತು, ಆದರೆ 4 ಗೇರಿನದು ನಿಲ್ಲಲಿಲ್ಲ. ಹಾಗಾಗಿ ಬರೀ ಇಸವಿ ನೋಡಿ ತಂದರೆ ಎಡವಟ್ಟು. ಬೋಲ್ಟಿನ ತೂತು ಹೊಂದಿದರೆ ಸಾಲದು. ಮೌಂಟಿಂಗ್, ಗೇರ್ ರಾಡ್, ಡ್ರೈವ್ ಶಾಫ್ಟ್, ಸ್ಪೀಡೋಮೀಟರಿಗೆ ಕೇಬಲ್ಲಾ ಸೆನ್ಸರಾ, ಎಲ್ಲವೂ ಹೊಂದಬೇಕು ಅಲ್ವಾ? ನಿಮ್ಮ ಹಳೇ ಬಾಕ್ಸನ್ನು ಇಳಿಸಿಕೊಂಡು ಹೋಗಿ ಪಕ್ಕದಲ್ಲೇ ಇಟ್ಟು ಹೋಲಿಸಿ, ನಿಮ್ಮದೇ ಕ್ಲಚ್ ಪ್ಲೇಟನ್ನು ಗುಜರಿ ಬಾಕ್ಸಿನ ಇನ್‌ಪುಟ್ ಶಾಫ್ಟಿಗೆ (ಎಂಜಿನ್ ಕಡೆಗೆ ಚಾಚಿರುವ ಹಲ್ಲಿನ ದಂಡ) ತೂರಿಸಿ, ಹಲ್ಲು ಸಲೀಸಾಗಿ ಕೂತರೆ ಮಾತ್ರ ರೇಟ್ ಮಾತಾಡಿ.

ಆಮೇಲೆ ಅದೇ ಇನ್‌ಪುಟ್ ಶಾಫ್ಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಜಾಸ್ತಿ ಆಡಿದರೆ ಬೇರಿಂಗ್ ಸವೆದಿದೆ. ಡ್ರೈನ್ ಬೋಲ್ಟ್ ಬಿಚ್ಚಿ ಆಯಿಲ್ ನೋಡಿ: ನುಣ್ಣನೆ ಬೂದು ಪುಡಿ ಇದ್ದರೆ ಪರವಾಗಿಲ್ಲ, ಕಬ್ಬಿಣದ ಚೂರು ಸಿಕ್ಕರೆ ಅಲ್ಲೇ ಬಿಟ್ಟು ಬನ್ನಿ. ಆಯಿಲ್ಲೇ ಇಲ್ಲದ ಬಾಕ್ಸ್ ಅಂತೂ ನನಗೆ ಅನುಮಾನ.

ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ ಇದ್ದೇ ಇವೆ. ಎಲ್ಲೇ ತಗೊಂಡರೂ, ಹಾಕಿದ ಮೇಲೆ ಸದ್ದು ಬಂದರೆ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.