ಟಾಮ್ ಹ್ಯಾಂಕ್ಸ್‌ಗೆ ಹುಚ್ಚು ಹಿಡಿಸಿದ ಆಟ

ಹೋದ ವಾರ ಕುಮಟಾದಿಂದ ಅತ್ತೆ ವಾಟ್ಸಾಪಿನಲ್ಲಿ ಒಂದು ತುಣುಕು ಕಳಿಸಿದಳು. ಎಳೆ ಮುಖದ ಟಾಮ್ ಹ್ಯಾಂಕ್ಸ್ ನ್ಯೂಯಾರ್ಕಿನ ಟೆಲಿಫೋನ್ ಬೂತಿನಲ್ಲಿ ನಿಂತು ಗೆಳತಿಯ ಹತ್ತಿರ ಅಳುತ್ತಿದ್ದಾನೆ. ಅವನ ಚಾಕುವಿಗೆ ರಕ್ತ ಅಂಟಿದೆ, ಹೇಗೆ ಅಂಟಿತು ಅಂತ ಅವನಿಗೇ ಗೊತ್ತಿಲ್ಲ. ಮಕ್ಕಳ ಆಟದ ಬಗ್ಗೆ ಎಚ್ಚರ ಇರಲಿ ಅಂತ ಯಾರೋ ಕೆಳಗೆ ಬರೆದಿದ್ದಾರೆ. ಬೆನ್ನಿಗೇ ಅತ್ತೆಯ ಧ್ವನಿ ಬಂತು: "ನಿಮ್ಮನೆ ಕೂಸು ಶನಿವಾರ ಆಡದು ಇದೇ ಅಲ್ದಾ?"

ಹೌದು ಅತ್ತೆ, ಸುಮಾರಾಗಿ ಇದೇ. ಸಿನಿಮಾದಲ್ಲಿ ಆಟಕ್ಕೆ ‘ಮೇಜಸ್ ಅಂಡ್ ಮಾನ್‌ಸ್ಟರ್ಸ್’ ಅಂತ ಹೆಸರಿಟ್ಟಿದ್ದಾರೆ, ಸಿನಿಮಾದ ಹೆಸರೂ ಅದೇ. ನಮ್ಮನೆಯ ಊಟದ ಮೇಜಿನ ಮೇಲೆ ನಡೆಯುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಆಡುವವರ ಬಾಯಲ್ಲಿ ಡಿ ಅಂಡ್ ಡಿ.

ಅದು ಏನು ಅಂತ ಗೊತ್ತಿಲ್ಲದವರಿಗೆ: ಬೋರ್ಡಿಲ್ಲ, ಸ್ಕ್ರೀನಿಲ್ಲ. ಐದಾರು ಮಕ್ಕಳು, ಒಂದಿಷ್ಟು ಹಾಳೆ, ಪೆನ್ಸಿಲ್, ಇಪ್ಪತ್ತು ಮುಖದ ಒಂದು ದಾಳ. ಒಬ್ಬ ಕತೆ ನಡೆಸುವವನು, ಅವನು ಡಂಜನ್ ಮಾಸ್ಟರ್. ಉಳಿದವರು ಒಂದೊಂದು ಪಾತ್ರ. ನನ್ನ ಮಗಳ ಮೊದಲ ಪಾತ್ರ ಒಬ್ಬ ಕುಳ್ಳ ಕಳ್ಳಿ. "ಬಾಗಿಲ ಹಿಂದೆ ಯಾರೋ ಉಸಿರಾಡುತ್ತಿದ್ದಾರೆ, ಏನು ಮಾಡ್ತೀಯ?" ಅಂತ ಅವನು ಕೇಳುತ್ತಾನೆ. ಇವಳು ಹೇಳುತ್ತಾಳೆ, ದಾಳ ಉರುಳುತ್ತದೆ. ಇಪ್ಪತ್ತು ಬಿದ್ದರೆ ಇಡೀ ಮನೆ ಕೂಗುತ್ತದೆ, ಒಂದು ಬಿದ್ದರೆ ಇನ್ನೂ ಜೋರಾಗಿ ಕೂಗುತ್ತದೆ. ನಾಲ್ಕು ತಾಸು ಆಡಿ, ಒಂದು ಸೇತುವೆ ದಾಟುವುದು ಹೇಗೆ ಅಂತಲೇ ಜಗಳವಾಡಿ, ದಾಟದೆ ಎದ್ದು ಹೋದ ಶನಿವಾರಗಳೂ ಇವೆ.

ಅತ್ತೆಗೆ ಇದನ್ನು ವಿವರಿಸಲು ನನಗೆ ಕಷ್ಟವಾಗಲಿಲ್ಲ. "ಅತ್ತೆ, ಇದು ತಾಳಮದ್ದಲೆ" ಅಂದೆ. ವೇಷವಿಲ್ಲ, ಬಣ್ಣವಿಲ್ಲ, ಕುಳಿತಲ್ಲೇ ಕೃಷ್ಣ, ಕುಳಿತಲ್ಲೇ ಕೌರವ, ಮಾತೆಲ್ಲ ಆ ಕ್ಷಣಕ್ಕೆ ಹುಟ್ಟಿದ್ದು. ಡಂಜನ್ ಮಾಸ್ಟರ್ ಅಂದರೆ ಭಾಗವತರು. ವ್ಯತ್ಯಾಸ ಇಷ್ಟೇ, ತಾಳಮದ್ದಲೆಯಲ್ಲಿ ಕರ್ಣ ಎಷ್ಟು ಚೆನ್ನಾಗಿ ಮಾತಾಡಿದರೂ ಕೊನೆಗೆ ಸಾಯಲೇಬೇಕು. ಇಲ್ಲಿ ದಾಳ ಒಪ್ಪಿದರೆ ಬದುಕಬಹುದು.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ತಾಳಮದ್ದಲೆಗೆ ಮಂಗಳ ಹಾಡ್ತ. ಇವರದ್ದು ಮುಗಿಯದು ಯಾವಾಗ?"

ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಆ ಸಿನಿಮಾ, ಯಾಕೆಂದರೆ ನನಗೆ ಅದರ ಮೇಲೆ ಸಿಟ್ಟಿದೆ.

ಅಮೆರಿಕದ ಸಿಬಿಎಸ್ ಚಾನೆಲ್ಲು 1982ರ ಡಿಸೆಂಬರ್ 28ರಂದು ತೋರಿಸಿದ ಟಿವಿ ಸಿನಿಮಾ ಅದು. ಹ್ಯಾಂಕ್ಸ್‌ಗೆ ಆಗ 26 ವರ್ಷ, ಅಂಥ ಹೆಸರೇನೂ ಇರಲಿಲ್ಲ. ಅವನ ಪಾತ್ರ ರಾಬಿ ಎಂಬ ಕಾಲೇಜು ಹುಡುಗ. ಆಟದ ಹುಚ್ಚಿನಿಂದ ಹಿಂದಿನ ಕಾಲೇಜಿನಲ್ಲಿ ಓದು ಕೆಟ್ಟು, ಹೊಸ ಕಾಲೇಜಿಗೆ ಬಂದವನು. ಇಲ್ಲಿ ಮೂವರು ಗೆಳೆಯರು ಸಿಗುತ್ತಾರೆ, ಮತ್ತೆ ಆಟ. ಮೇಜಿನ ಮೇಲಿನ ಆಟ ಸಾಲದು ಅಂತ ಒಬ್ಬ ಎಲ್ಲರನ್ನೂ ನಿಜವಾದ ಗುಹೆಗೆ ಕರೆದೊಯ್ಯುತ್ತಾನೆ. ಅಲ್ಲಿ ರಾಬಿಗೆ ಇಲ್ಲದ ರಾಕ್ಷಸ ಕಾಣುತ್ತದೆ. ಅಲ್ಲಿಂದ ಮುಂದೆ ಅವನು ರಾಬಿ ಅಲ್ಲ, ಆಟದೊಳಗಿನ ಪಾದ್ರಿ ಪಾರ್ಡ್ಯೂ. ಗೆಳತಿಯನ್ನು ದೂರ ಮಾಡುತ್ತಾನೆ, ನ್ಯೂಯಾರ್ಕಿಗೆ ಓಡುತ್ತಾನೆ, ದೋಚಲು ಬಂದವನಿಗೆ ಇರಿಯುತ್ತಾನೆ, ಕೊನೆಗೆ ವರ್ಲ್ಡ್ ಟ್ರೇಡ್ ಸೆಂಟರಿನ ನೆತ್ತಿಯಲ್ಲಿ ನಿಂತು ಹಾರಲು ಹೊರಡುತ್ತಾನೆ.

ಇಷ್ಟೇ ಕೇಳಿದರೆ ಆಟ ಹುಡುಗನನ್ನು ತಿಂದಿತು ಅನ್ನಿಸುತ್ತದೆ. ವಾಟ್ಸಾಪ್ ತುಣುಕು ಹೇಳುವುದೂ ಅದನ್ನೇ.

ಆದರೆ ಸಿನಿಮಾವನ್ನು ಪೂರ್ತಿ ನೋಡಿದವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ರಾಬಿಗೆ ಒಬ್ಬ ಅಣ್ಣನಿದ್ದ. ಹಾಲ್ ಅಂತ ಅವನ ಹೆಸರು. ವರ್ಷಗಳ ಹಿಂದೆ ಮನೆ ಬಿಟ್ಟು ಹೋದವನು ತಿರುಗಿ ಬಂದಿಲ್ಲ. ತಾಯಿ ಕುಡಿಯುತ್ತಾಳೆ. ಆ ಮನೆಯಲ್ಲಿ ಹಾಲ್‌ನ ಹೆಸರೆತ್ತಿದರೆ ಗಾಳಿಯೇ ಗಟ್ಟಿಯಾಗುತ್ತದೆ. ರಾಬಿ ತನ್ನ ಭ್ರಮೆಯಲ್ಲಿ ನ್ಯೂಯಾರ್ಕಿನಲ್ಲಿ ಹುಡುಕುವುದು ಏನನ್ನು ಗೊತ್ತೇ? ‘ಗ್ರೇಟ್ ಹಾಲ್’ ಅನ್ನು. ಇಂಗ್ಲಿಷಿನಲ್ಲಿ ಹಾಲ್ ಅಂದರೆ ಸಭಾಂಗಣ, ಹಾಲ್ ಅಂದರೆ ಅಣ್ಣನೂ ಹೌದು. ಹುಡುಗ ಅಣ್ಣನನ್ನು ಹುಡುಕಿಕೊಂಡು ಹೋಗಿದ್ದಾನೆ! ಚಿತ್ರಕತೆ ಬರೆದವರಿಗೆ ಇದು ಗೊತ್ತು, ಅವರೇ ಇಟ್ಟ ಸುಳಿವು ಇದು. ಗೊತ್ತಿದ್ದೂ ಕ್ಯಾಮೆರಾ ಮಾತ್ರ ದಾಳ, ಮೇಣದಬತ್ತಿ, ಗುಹೆಗಳ ಕಡೆಗೇ ತಿರುಗುತ್ತದೆ.

ನನ್ನ ತಕರಾರು ಇರುವುದು ಇಲ್ಲೇ. ಆಟಕ್ಕೆ ಹೆದರಿದ್ದಕ್ಕಲ್ಲ. ಆಟವನ್ನು ಮುಂದಿಟ್ಟು ಮನೆಯನ್ನು ಬಚಾವು ಮಾಡಿದ್ದಕ್ಕೆ.

ಗೋಪುರದ ಮೇಲಿನ ದೃಶ್ಯವನ್ನೇ ನೋಡಿ. ಅವನನ್ನು ಹುಡುಕಿಕೊಂಡು ಬಂದವರು ಯಾರು? ಅಪ್ಪನಲ್ಲ, ಪೊಲೀಸರಲ್ಲ. ಅವನ ಜೊತೆ ಆಡುತ್ತಿದ್ದ ಮೂವರು. ಆಟದ ಭಾಷೆ ಗೊತ್ತಿದ್ದ ಕಾರಣಕ್ಕೇ ಅವನು ಎಲ್ಲಿಗೆ ಹೋಗಿರಬಹುದು ಅಂತ ಅವರಿಗೆ ಹೊಳೆಯಿತು. ಹಾರಲು ನಿಂತವನನ್ನು ತಡೆದದ್ದೂ "ನಾನು ಆಟ ನಡೆಸುವವನು, ಇಲ್ಲಿ ನನ್ನ ಮಾತೇ ಅಂತಿಮ" ಎಂಬ ಅಧಿಕಾರದ ದನಿ. ಆಟ ಕೊಲ್ಲುತ್ತದೆ ಅಂತ ಹೇಳಲು ಹೊರಟ ಸಿನಿಮಾ, ಆಟದ ನಿಯಮದಿಂದಲೇ ಹುಡುಗನನ್ನು ಉಳಿಸಿಕೊಂಡಿತು. ತಾನೇನು ತೋರಿಸಿದೆ ಅಂತ ಅದಕ್ಕೇ ಗೊತ್ತಾಗಲಿಲ್ಲವೋ ಏನೋ.

ಇನ್ನು ಈ ಕತೆ ಹುಟ್ಟಿದ್ದು ಎಲ್ಲಿಂದ? ಡಿ ಅಂಡ್ ಡಿ ಮೊದಲು ಮಾರಾಟಕ್ಕೆ ಬಂದದ್ದು 1974ರಲ್ಲಿ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನ ಗ್ಯಾರಿ ಗೈಗ್ಯಾಕ್ಸ್ ಮತ್ತು ಅವರ ಜೊತೆಗಾರ ಡೇವ್ ಆರ್ನೆಸನ್ ಕಟ್ಟಿದ ಆಟ. ಐದು ವರ್ಷ ಅದು ಆಡುವವರನ್ನು ಬಿಟ್ಟು ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. 1979ರ ಆಗಸ್ಟಿನಲ್ಲಿ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಿಂದ ಒಬ್ಬ ವಿದ್ಯಾರ್ಥಿ ಕಾಣೆಯಾದ. ಹದಿನಾರು ವರ್ಷ, ಮಹಾ ಬುದ್ಧಿವಂತ, ಆ ವಯಸ್ಸಿಗೇ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದ. ಅವನ ಹೆಸರು ಇಲ್ಲಿ ಬೇಡ, ಆ ಹೆಸರನ್ನು ಪತ್ರಿಕೆಗಳು ಸಾಕಷ್ಟು ಎಳೆದಾಡಿವೆ. ಮನೆಯವರು ಟೆಕ್ಸಾಸಿನ ಖಾಸಗಿ ಪತ್ತೇದಾರ ವಿಲಿಯಂ ಡಿಯರ್‌ನನ್ನು ಕರೆಸಿದರು. ಹುಡುಗ ಡಿ ಅಂಡ್ ಡಿ ಆಡುತ್ತಿದ್ದ ಅಂತ ಡಿಯರ್‌ಗೆ ಗೊತ್ತಾಯಿತು. ಯೂನಿವರ್ಸಿಟಿಯ ಕೆಳಗೆ ಕಟ್ಟಡಗಳಿಗೆ ಬಿಸಿ ಹಬೆ ಸಾಗಿಸುವ ಸುರಂಗಗಳಿದ್ದವು. ಆಟ, ಸುರಂಗ, ಕಾಣೆಯಾದ ಹುಡುಗ. ಪತ್ರಿಕೆಯವರಿಗೆ ಇನ್ನೇನು ಬೇಕು?

ಹುಡುಗ ಸುರಂಗಕ್ಕೆ ಇಳಿದಿದ್ದು ನಿಜ. ಆದರೆ ರಾಕ್ಷಸನನ್ನು ಹುಡುಕಿಕೊಂಡಲ್ಲ, ಬದುಕು ಸಾಕಾಗಿ. ಅಲ್ಲಿ ಸಾಯಲಿಲ್ಲ. ಪರಿಚಿತರ ಮನೆಗಳಲ್ಲಿ ಅಡಗಿದ್ದು, ಲೂಸಿಯಾನಾದ ಕಡೆ ಹೋಗಿ, ಸೆಪ್ಟೆಂಬರಿನಲ್ಲಿ ತಾನೇ ಡಿಯರ್‌ಗೆ ಫೋನ್ ಮಾಡಿದ. ನಡೆದದ್ದನ್ನು ಯಾರಿಗೂ ಹೇಳಬೇಡ ಅಂತ ಬೇಡಿಕೊಂಡ, ಡಿಯರ್ ಒಪ್ಪಿದ. ಮರುವರ್ಷ ಹುಡುಗ ಉಳಿಯಲಿಲ್ಲ.

ಈಗ ಇಸವಿಗಳನ್ನು ಜೋಡಿಸಿ. ಸುದ್ದಿ ಬಂದದ್ದು 1979. ಅದೇ ಸುದ್ದಿಯ ಜಾಡು ಹಿಡಿದು ರೋನಾ ಜಾಫ್ ಕಾದಂಬರಿ ಬರೆದದ್ದು 1981. ಕಾದಂಬರಿ ಸಿನಿಮಾ ಆದದ್ದು 1982. ಹುಡುಗನ ಒಂಟಿತನ, ಓದಿನ ವಿಷಯದಲ್ಲಿ ಮನೆಯ ಒತ್ತಡ, ಖಿನ್ನತೆ, ಮಾದಕ ವಸ್ತು, ಇವನ್ನೆಲ್ಲ ಡಿಯರ್ ತನ್ನ ಪುಸ್ತಕದಲ್ಲಿ ಬಿಚ್ಚಿಟ್ಟದ್ದು 1984ರಲ್ಲಿ. ಪತ್ರಿಕೆಗಳ ಊಹೆ ಟಿವಿಗೆ ಬಂದು ಮನೆಮನೆ ತಲುಪಿದ ಎರಡು ವರ್ಷಕ್ಕೆ ನಿಜಸಂಗತಿ ಪುಸ್ತಕದಂಗಡಿಗೆ ಬಂತು. ಅಷ್ಟರಲ್ಲಿ ಯಾರಿಗೆ ಬೇಕಿತ್ತು ಅದು? (ಇತ್ತ ಆಟದ ಕಂಪನಿಗೆ ಗಲಾಟೆಯಿಂದ ನಷ್ಟವೇನೂ ಆಗಲಿಲ್ಲ. ಹೆಸರು ಕೇಳಿರದವರೂ ಅಂಗಡಿಗೆ ಹೋಗಿ ಕೊಂಡರು.)

ಅದೇ 1982ರಲ್ಲಿ ವರ್ಜೀನಿಯಾದ ಒಬ್ಬ ತಾಯಿ ಮಗನನ್ನು ಕಳೆದುಕೊಂಡಳು. ಶಾಲೆಯಲ್ಲಿ ಆಡಿದ ಡಿ ಅಂಡ್ ಡಿಯೇ ಕಾರಣ ಅಂತ ನಂಬಿದಳು. ಮೊಕದ್ದಮೆ ಹೂಡಿದಳು, ಕೋರ್ಟು ತಳ್ಳಿಹಾಕಿತು. 1983ರಲ್ಲಿ ಆಟದ ವಿರುದ್ಧ ‘ಬ್ಯಾಡ್’ (ಡಿ ಅಂಡ್ ಡಿಯಿಂದ ಕಳವಳಗೊಂಡವರು) ಅಂತ ಸಂಘ ಕಟ್ಟಿದಳು. 1985ರಲ್ಲಿ ಟಿವಿಯ ‘60 ಮಿನಿಟ್ಸ್’ ಕಾರ್ಯಕ್ರಮಕ್ಕೂ ಬಂದಳು, ಎದುರು ವಾದಕ್ಕೆ ಗೈಗ್ಯಾಕ್ಸ್ ಇದ್ದರು. ಅವಳನ್ನು ನೋಡಿ ನಗುವವರು ಬಹಳ ಜನ. ನಗುವುದಕ್ಕೆ ಕಾರಣವನ್ನೂ ಅವಳೇ ಕೊಟ್ಟಿದ್ದಾಳೆ. ರಿಚ್ಮಂಡ್ ಸುತ್ತಮುತ್ತ ಶೇ. 8 ಜನ ಸೈತಾನನ ಪೂಜೆಯಲ್ಲಿದ್ದಾರೆ ಅಂತ ಒಮ್ಮೆ ಹೇಳಿದಳು. ಲೆಕ್ಕ ಹೇಗೆ ಅಂತ ಕೇಳಿದರೆ, ಹದಿಹರೆಯದವರಲ್ಲಿ ಶೇ. 4, ದೊಡ್ಡವರಲ್ಲಿ ಶೇ. 4, ಕೂಡಿದರೆ 8! ಒಟ್ಟು ಸೇರಿದರೂ ಅದು ಶೇ. 4 ಅಂತ ವರದಿಗಾರ ತಿಳಿಸಿದರೆ, ಪರವಾಗಿಲ್ಲ, 8 ಅನ್ನುವುದೇ ಕಡಿಮೆ ಅಂದಳಂತೆ. ಆಟಗಳ ಲೇಖಕ ಮೈಕೆಲ್ ಸ್ಟ್ಯಾಕ್‌ಪೋಲ್ 1990ರಲ್ಲಿ ಅವಳ ವಾದಗಳನ್ನು ಒಂದೊಂದಾಗಿ ಬಿಡಿಸಿ ವರದಿಯನ್ನೇ ಬರೆದರು. ನಾನೂ ನಕ್ಕಿದ್ದೇನೆ. ಆಮೇಲೆ ನಾಚಿಕೆಯಾಗಿದೆ. ಮಗ ಸತ್ತ ಮನೆಯಲ್ಲಿ "ಯಾಕೆ" ಎಂಬ ಪ್ರಶ್ನೆ ಗೋಡೆಗೋಡೆಗೆ ಬಡಿಯುತ್ತಿರುವಾಗ, ಟಿವಿಯಲ್ಲಿ ಒಂದು ಸಿನಿಮಾ ಸಿದ್ಧ ಉತ್ತರ ಹಿಡಿದು ನಿಂತಿದ್ದರೆ ಯಾರು ತಾನೇ ಕೈ ಚಾಚುವುದಿಲ್ಲ?

ಭಯ ಎಷ್ಟು ಹಬ್ಬಿತೆಂದರೆ 1989ರ ಎರಡನೇ ಆವೃತ್ತಿಯಲ್ಲಿ ಕಂಪನಿಯೇ ‘ಡೀಮನ್’, ‘ಡೆವಿಲ್’ ಎಂಬ ಪದ ಕಿತ್ತು, ಆಮೇಲೆ ಟನಾರಿ, ಬಾಟೆಜು ಅಂತ ಬರೆಯಿತು. ಗ್ರಹಚಾರ! ಹೆಸರು ಬದಲಾದ ದೆವ್ವಗಳು ತಮ್ಮ ಪಾಡಿಗೆ ಗುಹೆಯಲ್ಲಿ ಹಾಗೇ ಇದ್ದವು.

ಆ ಭಯ ಹಳತಾದ ಮೇಲೆ ತಮಾಷೆಯಾಯಿತು. ಜ್ಯಾಕ್ ಚಿಕ್ ಎಂಬ ಕ್ರೈಸ್ತ ಪ್ರಚಾರಕ 1984ರಲ್ಲಿ ‘ಡಾರ್ಕ್ ಡಂಜನ್ಸ್’ ಅಂತ ಚಿಕ್ಕ ಚಿತ್ರಪುಸ್ತಕ ಮಾಡಿದ್ದ. ಆಟ ಆಡಿದರೆ ನಿಜವಾದ ಮಾಟ ಕಲಿಯುತ್ತೀರಿ ಅಂತ ಅದರ ಬೆದರಿಕೆ. 2014ರಲ್ಲಿ ಆಟದ ಅಭಿಮಾನಿಗಳೇ ಹಣ ಕೂಡಿಸಿ ಅದನ್ನು ಸಿನಿಮಾ ಮಾಡಿದರು. ಒಂದು ಕಣ್ಣೂ ಮಿಟುಕಿಸದೆ, ಪುಸ್ತಕದಲ್ಲಿ ಇದ್ದಂತೆಯೇ. ಗೇಲಿ ಮಾಡಲು ಏನನ್ನೂ ಸೇರಿಸಬೇಕಾಗಿರಲಿಲ್ಲ. ‘ಸ್ಟ್ರೇಂಜರ್ ಥಿಂಗ್ಸ್’ನ ನಾಲ್ಕನೇ ಸೀಸನ್ನಿನಲ್ಲಿ (2022) 1986ರ ಊರೊಂದು ಆಟ ನಡೆಸುವ ಹುಡುಗ ಎಡ್ಡಿಯನ್ನು ಬೇಟೆಯಾಡಲು ಹೊರಡುತ್ತದೆ. ಅಲ್ಲಿಗೆ ಸಿನಿಮಾದವರು ತಮ್ಮ ಹಳೇ ಪಾಪವನ್ನು ಪೂರ್ತಿ ತಿರುವಿ ಹಾಕಿದರು. ಆದರೆ ತಿರುವಿ ಹಾಕಲು ನಲವತ್ತು ವರ್ಷ ಬೇಕಿರಲಿಲ್ಲ. ‘ಇ.ಟಿ.’ ಸಿನಿಮಾ ಬಂದದ್ದೂ 1982ರಲ್ಲೇ. ಅದರ ಮೊದಲ ಭಾಗದಲ್ಲಿ ಅಣ್ಣ ಮತ್ತವನ ಗೆಳೆಯರು ಅಡುಗೆಮನೆಯ ಮೇಜಿನ ಸುತ್ತ ಇದೇ ಥರದ ಆಟ ಆಡುತ್ತಿದ್ದಾರೆ, ಚಿಕ್ಕವನು ನನ್ನನ್ನೂ ಸೇರಿಸಿಕೊಳ್ಳಿ ಅಂತ ಗೋಗರೆಯುತ್ತಿದ್ದಾನೆ. ಅಷ್ಟೇ. ಯಾರಿಗೂ ಏನೂ ಆಗುವುದಿಲ್ಲ. ಪಿಜ್ಜಾ ಬರುತ್ತದೆ.

ಅಮೆರಿಕದವರ ಮರುಳು ಅಂತ ನಾವು ಬೀಗುವ ಹಾಗಿಲ್ಲ. 2017ರಲ್ಲಿ ‘ಬ್ಲೂ ವೇಲ್’ (ನೀಲಿ ತಿಮಿಂಗಿಲ) ಎಂಬ ಆನ್‌ಲೈನ್ ಆಟದ ಹೆಸರು ನಮ್ಮ ಟಿವಿಗಳಲ್ಲಿ ಎಷ್ಟು ಅಬ್ಬರಿಸಿತು ನೆನಪಿದೆಯಲ್ಲ? ಮಗುವೊಂದು ಸತ್ತ ಮನೆಯ ಎದುರು ಮೈಕು ಹಿಡಿದು ನಿಂತು, ಸಂಜೆಯೊಳಗೆ ತಿಮಿಂಗಿಲದ ತಲೆಗೆ ಕಟ್ಟುತ್ತಿದ್ದರು. 2018ರ ಆರಂಭದಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಿಗೆ ಹೇಳಿತು, ತನಿಖೆ ಮಾಡಿದ ಯಾವ ಸಾವಿಗೂ ಆ ಆಟ ಕಾರಣವೆಂದು ಸಾಬೀತಾಗಲಿಲ್ಲ ಅಂತ. ಅದು ಯಾವ ಚಾನೆಲ್ಲಿನಲ್ಲೂ ಅಬ್ಬರಿಸಿದ್ದು ನನಗೆ ನೆನಪಿಲ್ಲ. ಹಾಗಾದರೆ ಆ ಮಕ್ಕಳು ಯಾಕೆ ಹೋದರು ಅಂತ ಯಾರೂ ಕೇಳಲಿಲ್ಲ.

ಈಗ ಅತ್ತೆಯ ಪ್ರಶ್ನೆ. ಮಂಗಳ ಯಾವಾಗ?

ಅದು ದಡ್ಡ ಪ್ರಶ್ನೆಯಲ್ಲ. ಎಂಟು ತಿಂಗಳು ಆಡಿದ ಮಗಳ ಮೊದಲ ಪಾತ್ರ ಒಂದು ಸಂಜೆ ಸತ್ತುಹೋಯಿತು. ದಾಳ ಒಂದು ಬಿತ್ತು. ಅವಳು ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಎರಡು ದಿನ ಊಟ ಸೇರಲಿಲ್ಲ. ಆಡುವವರು ಇದಕ್ಕೆ ‘ಬ್ಲೀಡ್’ ಅನ್ನುತ್ತಾರೆ, ಪಾತ್ರದ ಬಣ್ಣ ಮನುಷ್ಯನಿಗೆ ಇಳಿಯುವುದು. ಆಟ ಅಂದರೆ ಬರೀ ಆಟ, ಮನಸ್ಸಿಗೆ ತಾಗುವುದೇ ಇಲ್ಲ ಅಂತ ವಾದಿಸುವ ಅಭಿಮಾನಿಗಳೂ ಸುಳ್ಳು ಹೇಳುತ್ತಾರೆ. ತಾಗದಿದ್ದರೆ ಯಾರು ಆಡುತ್ತಿದ್ದರು? ಆದರೆ ಬಚ್ಚಲ ಬಾಗಿಲಿನ ಹೊರಗೆ ಕುಳಿತು ಅವಳನ್ನು ಸಮಾಧಾನ ಮಾಡಿದ್ದು ನಾನಲ್ಲ. ಅವಳ ಪಾತ್ರವನ್ನು ಕೊಂದ ಹುಡುಗ, ಆ ಡಂಜನ್ ಮಾಸ್ಟರ್. ಹದಿನೈದರ ಪೋರ. ಕಳ್ಳಿಗೆ ಒಂದು ಸಮಾಧಿ ಕಟ್ಟಿಸೋಣ, ಮೇಲೆ ಏನು ಬರೆಸಬೇಕು ಹೇಳು ಅಂತ ಕೇಳುತ್ತಿದ್ದ.

ನಿನ್ನೆ ಅತ್ತೆ ನಮ್ಮನೆಗೆ ಬಂದಳು. ತುಣುಕು ಸಾಕು, ಪೂರ್ತಿ ನೋಡುವ ಅಂತ ನಾನೇ ಹಾಕಿದೆ. ನಡುನಡುವೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಕೊನೆಯ ದೃಶ್ಯದಲ್ಲಿ ಗೆಳೆಯರು ರಾಬಿಯ ಮನೆಗೆ ಹೋಗುತ್ತಾರೆ. ಅವನು ಗುಣವಾಗಿಲ್ಲ. ತಾಯಿಯ ಮನೆಯನ್ನು ಛತ್ರ ಅಂದುಕೊಂಡಿದ್ದಾನೆ. ಬಾಡಿಗೆಗೆ ಒಂದು ನಾಣ್ಯ ಕೊಡುತ್ತಾನೆ, ಬೆಳಗಾದರೆ ಅದು ಮತ್ತೆ ದಿಂಬಿನ ಕೆಳಗಿರುತ್ತದೆ. ಮಾಯದ ನಾಣ್ಯ ಅಂತ ಅವನ ನಂಬಿಕೆ. ಗೆಳೆಯರು ಕುಳಿತು ಅವನ ಜೊತೆ ಕೊನೆಯ ಸಲ ಆಡುತ್ತಾರೆ.

ಹೆಸರುಗಳು ಓಡತೊಡಗಿದವು. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

"ಆ ಮಾಣಿ ಅಣ್ಣ ಸಿಕ್ಕಿದ್ನಾ?"

ಇಲ್ಲ ಅಂದೆ.

"ಯಾರಾದ್ರೂ ಹುಡುಕಿದ್ವಾ?"