ಸ್ಪಷ್ಟನೆ: ಒಂದೇ ಕೊಠಡಿಯಲ್ಲಿ ಕೂರಿಸಿದ ಮಾತ್ರಕ್ಕೆ ಸಮನ್ವಯ ಶಿಕ್ಷಣವಲ್ಲ

‘ಅಂಗವೈಕಲ್ಯವಿರುವ ಮಗುವನ್ನು ಸಾಮಾನ್ಯ ಶಾಲೆಗೆ ಸೇರಿಸಿದರೆ ಅದೇ ಸಮನ್ವಯ ಶಿಕ್ಷಣ, ಇನ್ನು ವಿಶೇಷ ಶಿಕ್ಷಕರು ಬೇಕಿಲ್ಲ’ ಎಂಬ ಸಂದೇಶ ಹರಿದಾಡುತ್ತಿದೆ. ಮೊದಲರ್ಧ ಅರೆಸತ್ಯ, ಎರಡನೆಯದು ಪೂರಾ ತಪ್ಪು.

ಸೇರಿದ ಮಗುವೇ ಶಾಲೆಗೆ ಹೊಂದಿಕೊಳ್ಳಲಿ ಎಂದು ಬಿಟ್ಟರೆ ಅದು ಏಕೀಕರಣ. ಮಗುವಿಗೆ ತಕ್ಕಂತೆ ಶಾಲೆಯೇ ಪಾಠ, ಪರೀಕ್ಷೆ, ಕಟ್ಟಡಗಳನ್ನು ಬದಲಿಸಿಕೊಂಡರೆ ಸಮನ್ವಯ. ಗಣಿತದ ತರಗತಿಯನ್ನೇ ನೋಡಿ. ಶಿಕ್ಷಕರು ಬೋರ್ಡಿನತ್ತ ಕೈತೋರಿಸಿ ‘ಇದರಿಂದ ಇದನ್ನು ಕಳೆಯಿರಿ’ ಎನ್ನುತ್ತಾರೆ. ದೃಷ್ಟಿಯಿಲ್ಲದ ವಿದ್ಯಾರ್ಥಿನಿ ಮುಂದಿನ ಬೆಂಚಿನಲ್ಲೇ ಇದ್ದಾಳೆ, ಆದರೆ ಪಾಠದಲ್ಲಿಲ್ಲ. ಬರೆಯುವ ಸಂಖ್ಯೆಯನ್ನು ಬಾಯಲ್ಲೂ ಹೇಳಿದರೆ, ಕೈಗೆ ಬ್ರೈಲ್ ಪುಸ್ತಕ ಕೊಟ್ಟರೆ ಚಿತ್ರವೇ ಬದಲಾಗುತ್ತದೆ. (ಬಾಯಲ್ಲಿ ಹೇಳಲು ಖರ್ಚೇನೂ ಇಲ್ಲ!)

ಪರೀಕ್ಷೆಯ ವಿಷಯವೂ ಹೀಗೆಯೇ: ಇಂಥ ಮಕ್ಕಳಿಗೆ ಹೆಚ್ಚುವರಿ ಸಮಯ ಕೊಡುವುದು ಅಂಕದ ರಿಯಾಯಿತಿಯಲ್ಲ. ಪ್ರಶ್ನೆಪತ್ರಿಕೆ ಅದೇ ಇರುತ್ತದೆ.

ಇದು ನನ್ನೊಬ್ಬನ ವ್ಯಾಖ್ಯಾನವೂ ಅಲ್ಲ. 1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಒಪ್ಪಿದ ಹೇಳಿಕೆ, ಶಾಲೆಗಳು ಎಲ್ಲ ಮಕ್ಕಳಿಗೂ ಒಗ್ಗಬೇಕು ಎಂದಿತು. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ 2016ರಲ್ಲಿ ಬಂದ ವಿವರಣೆ ಇನ್ನೂ ನೇರ: ವ್ಯವಸ್ಥೆ ಬದಲಿಸದೆ ಸಾಮಾನ್ಯ ತರಗತಿಗೆ ಸೇರಿಸುವುದು ಸಮನ್ವಯವಲ್ಲ.

ಹಾಗಿದ್ದರೆ ವಿಶೇಷ ಶಿಕ್ಷಕರು? ಬ್ರೈಲ್ ಕಲಿಸಲು, ಪ್ರತಿ ಮಗುವಿಗೂ ವೈಯಕ್ತಿಕ ಶಿಕ್ಷಣ ಯೋಜನೆ ರೂಪಿಸಲು, ತರಗತಿ ಶಿಕ್ಷಕರ ಜೊತೆಗೂಡಿ ಪಾಠ ಹೊಂದಿಸಲು ಅವರೇ ಬೇಕು. ಅವರ ಕೆಲಸ ಪ್ರತ್ಯೇಕ ಕೊಠಡಿಯಿಂದ ಸಾಮಾನ್ಯ ತರಗತಿಗೆ ಬಂದಿದೆ, ಅಷ್ಟೇ.