ಮಳೆಗಾಲ ಬೇರೆ, ಚಂಡಮಾರುತದ ಕಾಲ ಬೇರೆ

ಅಮೆರಿಕದ ಫ್ಲಾರಿಡಾದ ಮಯಾಮಿ-ಡೇಡ್ ಕೌಂಟಿಗೆ (ನಮ್ಮ ಜಿಲ್ಲೆಯಂಥದು) ಮಳೆ ತರುವುದೇ ಚಂಡಮಾರುತ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪಲಾಗದು. ಅಲ್ಲಿ ಮಳೆಗಾಲ ಮೇ 15ರಿಂದ ಅಕ್ಟೋಬರ್ 15. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಚಂಡಮಾರುತ ಬಾರದ ವರ್ಷವೂ ಮಳೆ ಸುರಿಯುತ್ತದೆ, ಏಕೆಂದರೆ ಅದನ್ನು ತರುವುದು ಹೆಚ್ಚಾಗಿ ಕಡಲಗಾಳಿ. ಬಿಸಿಲಿಗೆ ನೆಲ ಕಾದಾಗ ಅಟ್ಲಾಂಟಿಕ್‌ನ ತಂಪುಗಾಳಿ ಒಳನುಗ್ಗಿ ಬಿಸಿಗಾಳಿಯನ್ನು ಮೇಲೆತ್ತುತ್ತದೆ; ಮಧ್ಯಾಹ್ನದ ಮೇಲೆ ಗುಡುಗು, ಮಳೆ. ಮೂಡಣ ಗಾಳಿಯಿದ್ದರೆ ಮೋಡ ಪಡುವಣದ ಜೌಗುನೆಲವಾದ ಎವರ್‌ಗ್ಲೇಡ್ಸ್ ಕಡೆ ಸರಿದು ಬೀಚು ಒಣಗಿಯೇ ಇರುತ್ತದೆ. ನೈಋತ್ಯದ ಗಾಳಿ ಎದ್ದರೆ ಅದೇ ಮೋಡ ಕರಾವಳಿಯ ಮೇಲೇ ನಿಂತು ಊರು ಮುಳುಗಿಸುತ್ತದೆ. ನಮ್ಮ ಆಷಾಢದ ಜಡಿಮಳೆಯ ಲೆಕ್ಕ ಅಲ್ಲಿ ಹಿಡಿಯುವುದಿಲ್ಲ.

ನೆರೆಗೆ ಚರಂಡಿಯ ಹೂಳೊಂದನ್ನೇ ದೂರಿದ್ದೂ ಸರಿಯಲ್ಲ. ಅಲ್ಲಿ ನೆಲದಡಿಯಲ್ಲಿರುವುದು ತೂತುತೂತಾದ ಸುಣ್ಣಕಲ್ಲು. ತಡೆಗೋಡೆ ಕಟ್ಟಿದರೂ ಕಡಲ ನೀರು ಕೆಳಗಿನಿಂದ ಒಸರುತ್ತದೆ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ದೊಡ್ಡ ಉಬ್ಬರದಲ್ಲಿ ಕಡಲಮಟ್ಟ, ಮಳೆನೀರನ್ನು ಕಡಲಿಗೆ ಬಿಡುವ ಕಾಲುವೆಯ ನೀರಿಗಿಂತ ಮೇಲೇರಿದರೆ ಕಾಲುವೆಯ ಗೇಟು ತೆರೆಯುವಂತಿಲ್ಲ, ಮಳೆನೀರು ಹಿಂದೆಯೇ ನಿಲ್ಲುತ್ತದೆ. ಮಯಾಮಿ ಬೀಚ್‌ನಲ್ಲಂತೂ ಸುಡುಬಿಸಿಲಿನಲ್ಲೇ ಚರಂಡಿಯ ಜಾಲರಿಯಿಂದ ನೀರು ಬುಳುಬುಳು ಉಕ್ಕಿ ರಸ್ತೆಗೆ ಹರಿಯುತ್ತದೆ. ಅದು ಉಪ್ಪುನೀರು. ಕಾರು ಅದರಲ್ಲಿ ಹೋಗಿದ್ದರೆ ಅಂದೇ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ, ಇಲ್ಲವಾದರೆ ಬ್ರೇಕಿನ ಭಾಗಗಳು ತುಕ್ಕು ಹಿಡಿಯುತ್ತವೆ.